ಬನದ ಚೌಡಿಯೂ ಲಂಡನ್ನಿನ ಗಾಳಿ ಮಗ್ಗವೂ

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ, ಅಡಿಕೆ ತೋಟದ ಮನೆ. ಇಪ್ಪತ್ತೆರಡು ವರ್ಷದ ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ನಾಲ್ಕು ತಿಂಗಳಾಯಿತು. ರಾತ್ರಿ ನಿದ್ದೆಯಿಲ್ಲ. ಯಾರೋ ತನ್ನ ವಿಷಯ ಮಾತಾಡಿಕೊಳ್ಳುತ್ತಾರೆ ಎನ್ನುತ್ತಾನೆ. ನಾನು ಬಡಿಸಿದ ಊಟವನ್ನೂ ‘ಮದ್ದು ಹಾಕಿದ್ದೀರಿ’ ಎಂದು ದೂಡುತ್ತಾನೆ. ಬನದ ಚೌಡಿಗೆ ಹೇಳಿಕೊಂಡ ಹರಕೆ ತಪ್ಪಿದ್ದಕ್ಕೆ ಹೀಗಾಗಿದೆ ಎಂದು ಅತ್ತೆಯವರು ಹೇಳುತ್ತಾರೆ. 1968ರ ಮಳೆಗಾಲದಲ್ಲಿ ಅವರ ತಂಗಿಗೆ ಬಾಣಂತನದಲ್ಲಿ ಗಾಳಿ ಸೋಕಿ, ಬಿಡಿಸಿದ ಮೇಲೆ ಸರಿಹೋಗಿದ್ದಳಂತೆ. ನನ್ನ ಮಗಳು ಇದೆಲ್ಲ ಮೂಢನಂಬಿಕೆ ಎಂದು ಅಜ್ಜಿಯ ಜೊತೆ ಜಗಳಕ್ಕೆ ನಿಂತಿದ್ದಾಳೆ. ಹಿಂದಿನವರು ಅಷ್ಟು ದಡ್ಡರೇ? ದೆವ್ವಕ್ಕೂ ಹುಚ್ಚಿಗೂ ಈ ನಂಟು ಬಂದದ್ದು ಎಲ್ಲಿಂದ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯಗಳಿವೆ. ಹಿಂದಿನವರು ದಡ್ಡರೇ ಎಂಬ ವಾದ ಎರಡೂವರೆ ಸಾವಿರ ವರ್ಷಗಳಿಂದ ನಡೆದಿದೆ, ಇನ್ನೊಂದು ತಿಂಗಳು ಕಾದರೆ ಹಳಸುವುದಿಲ್ಲ. ಮಗನ ವಿಷಯ ಕಾಯುವಂಥದ್ದಲ್ಲ. ಈ ವಾರದೊಳಗೆ ಅವನನ್ನು ಮನೋವೈದ್ಯರಿಗೆ ತೋರಿಸಿ. ಅನ್ನ ನೀರು ಪೂರಾ ಬಿಟ್ಟರೆ, ಸಾಯುವ ಮಾತಾಡಿದರೆ, ಯಾರ ಮೇಲಾದರೂ ಕೈಮಾಡಲು ಹೋದರೆ ಅಂದೇ ಹೊರಡಿ. ಪತ್ರ ಓದಿ ಕಾಯಿಲೆಗೆ ಹೆಸರಿಡುವ ಅಭ್ಯಾಸ ನನಗಿಲ್ಲ. ಥೈರಾಯ್ಡ್ ಏರುಪೇರು, ಗಾಂಜಾ, ಮೂರ್ಛೆ ರೋಗ, ಮಿದುಳಿನ ಉರಿಯೂತ ಇವೆಲ್ಲ ಇಂಥದೇ ರೂಪ ತಾಳಬಲ್ಲವು, ಪರೀಕ್ಷಿಸಿಯೇ ತಿಳಿಯಬೇಕು. ಆದರೆ ಈ ವಯಸ್ಸಿನ ಹುಡುಗ, ಕಿವಿಗೆ ಬೀಳುವ ಇಲ್ಲದ ಮಾತು, ಹೆತ್ತವಳ ಮೇಲೇ ಅನುಮಾನ, ಅದೂ ನಾಲ್ಕು ತಿಂಗಳು ಎಂದಾಗ ಸ್ಕಿಜೋಫ್ರೀನಿಯಾ ಬಳಗದ ಕಾಯಿಲೆಯೇ ನನಗೆ ಮೊದಲು ನೆನಪಾಗುತ್ತದೆ. ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಅದು ಇದೆ. ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ಮುಂದಿನದನ್ನು ಹೊರಡುವ ದಿನ ಗೊತ್ತುಮಾಡಿಕೊಂಡು ಓದಿ.

ಈಗ ನಂಟಿನ ಮಾತು. ಸ್ವಲ್ಪ ಹೊತ್ತು ಮಗನ ಜಾಗದಲ್ಲಿ ಕೂತು ನೋಡಿ. ಮಾತು ಕೇಳಿಸುತ್ತದೆ, ಆಡುವವರು ಕಾಣುವುದಿಲ್ಲ. ತಲೆಯೊಳಗೆ ಹುಟ್ಟಿದ ಯೋಚನೆ ತನ್ನದೆನಿಸುವುದಿಲ್ಲ, ಯಾರೋ ತಂದಿಟ್ಟು ಹೋದ ಹಾಗಿರುತ್ತದೆ. ಕೆಲವರಿಗೆ ತಮ್ಮ ಕೈಕಾಲನ್ನೇ ಬೇರೊಬ್ಬರು ಆಡಿಸಿದಂತಾಗುತ್ತದೆ. ಮಿದುಳು ಏನು ಕೆಲಸ ಮಾಡುತ್ತದೆಂದೇ ತಿಳಿಯದ ಕಾಲದಲ್ಲಿ ಇದಕ್ಕೆ ಕಾರಣ ಹುಡುಕಿದವರು ‘ಕಣ್ಣಿಗೆ ಕಾಣದ ಇನ್ಯಾರೋ ಒಳಹೊಕ್ಕಿದ್ದಾರೆ’ ಎಂದರೆ ಅದರಲ್ಲಿ ದಡ್ಡತನವೇನಿದೆ? ರೋಗಿ ಹೇಳಿದ್ದನ್ನು ಆ ಕಾಲದವರು ಹಾಗೆಯೇ ನಂಬಿದರು. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ನಮ್ಮಂಥ ವೈದ್ಯರಿಗಿಂತ ಅವರು ಹೆಚ್ಚು ಹೊತ್ತು ಕೇಳಿಸಿಕೊಂಡಿರಲೂ ಸಾಕು.

ಈ ಅನುಭವದ ಗುರುತು ಭಾಷೆಯಲ್ಲೇ ಉಳಿದಿದೆ. ಮೈಹಿಡಿಯುವ ಭೂತಗಳಿಗೂ ಬಳಸುವ ಗ್ರಹ ಎಂಬ ಮಾತಿನ ಮೂಲಾರ್ಥ ಹಿಡಿಯುವುದು. ಮೂರ್ಛೆ ರೋಗಕ್ಕೆ ವೈದ್ಯರು ಬಳಸುವ ಎಪಿಲೆಪ್ಸಿ ಪದದ ಗ್ರೀಕ್ ಮೂಲಕ್ಕೂ ಹಿಡಿಯುವುದು ಎಂದೇ ಅರ್ಥ. ಅಮಾವಾಸ್ಯೆ ಹುಣ್ಣಿಮೆಗೆ ಕೆರಳುತ್ತದೆ ಎಂದು ನಮ್ಮವರು ಹೇಳುತ್ತಾರೆ. ಹುಚ್ಚನಿಗೆ ಇಂಗ್ಲಿಷಿನಲ್ಲಿದ್ದ ಲೂನಟಿಕ್ ಎಂಬ ಹೆಸರು ಬಂದದ್ದೂ ಚಂದ್ರನಿಗಿರುವ ಲ್ಯಾಟಿನ್ ಪದದಿಂದ.

ದೆವ್ವದ ನಂಬಿಕೆ ಹೋದರೆ ಈ ಅನುಭವವೂ ಹೋಗುತ್ತದೆಯೇ? ಇಲ್ಲ. 1810ರಲ್ಲಿ ಲಂಡನ್ನಿನ ಬೆತ್ಲೆಮ್ ಹುಚ್ಚಾಸ್ಪತ್ರೆಯ ಜಾನ್ ಹ್ಯಾಸ್ಲಮ್ ಎಂಬವರು ಒಬ್ಬನೇ ರೋಗಿಯ ಬಗ್ಗೆ ಇಡೀ ಪುಸ್ತಕ ಬರೆದರು. ರೋಗಿಯ ಹೆಸರು ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್, ಚಹಾ ವ್ಯಾಪಾರಿ. ಹತ್ತಿರದಲ್ಲೇ ಅಡಗಿರುವ ಒಂದು ತಂಡ ದೊಡ್ಡ ಯಂತ್ರವಿಟ್ಟುಕೊಂಡು, ಅನಿಲಗಳನ್ನು ಹಾಯಿಸಿ, ತನ್ನ ಯೋಚನೆಗಳನ್ನು ನೇಯುತ್ತಿದೆ ಎಂಬುದು ಅವನ ದೂರು. ಯಂತ್ರಕ್ಕೆ ಅವನಿಟ್ಟ ಹೆಸರು ಏರ್ ಲೂಮ್, ಅಂದರೆ ಗಾಳಿ ಮಗ್ಗ. ಇಂಗ್ಲೆಂಡಿನಲ್ಲಿ ಬಟ್ಟೆ ಗಿರಣಿಗಳೂ ಅನಿಲಗಳ ರಸಾಯನಶಾಸ್ತ್ರವೂ ಹೊಸದಾಗಿ ಬಂದಿದ್ದ ಕಾಲ ಅದು. ಸೈತಾನ ಇದ್ದ ಜಾಗಕ್ಕೆ ಯಂತ್ರ ಬಂದು ಕೂತಿತ್ತು. ಗಾಳಿ ಸೋಕಿದೆ ಎನ್ನುವ ನಿಮ್ಮ ಅತ್ತೆಯವರಿಗೆ ಈ ಕತೆ ಹೇಳಿ, ಅವರಿಗೆ ಅದು ತೀರಾ ಪರಕೀಯ ಎನಿಸುವುದಿಲ್ಲ. ನಾನು ವೃತ್ತಿಗೆ ಬಂದ ಹೊಸತರಲ್ಲಿ ‘ಮಾಟ ಮಾಡಿಸಿದ್ದಾರೆ’ ಎನ್ನುತ್ತಿದ್ದವರ ಮಕ್ಕಳ ವಯಸ್ಸಿನವರು ಈಗ ‘ಮೊಬೈಲ್ ಹ್ಯಾಕ್ ಮಾಡಿ ನನ್ನ ಮನಸ್ಸು ಓದುತ್ತಿದ್ದಾರೆ’ ಎನ್ನುತ್ತಾರೆ. ನಿಮ್ಮ ಮಗ ಮದ್ದಿನ ಮಾತಾಡುತ್ತಾನಲ್ಲ, ಊಟದಲ್ಲಿ ಕೈವಿಷ ಬೆರೆಸುತ್ತಾರೆ ಎಂಬ ಅದು ನಮ್ಮ ಕಡೆಯ ಊರುಗಳ ಹಳೆಯ ಭಯ. ಚಿಕ್ಕಂದಿನಲ್ಲಿ ‘ಅವರ ಮನೆಯಲ್ಲಿ ಏನೂ ಮುಟ್ಟಬೇಡ’ ಎಂದು ಯಾರೋ ಹೇಳಿದ್ದು ಎಲ್ಲೋ ಕೂತಿತ್ತು. ಕಾಯಿಲೆ ಬಂದಾಗ ಕೈಗೆ ಸಿಕ್ಕಿದ್ದು ಅದು.

ಹಿಂದಿನವರೆಲ್ಲ ಒಂದೇ ಮಾತು ಹೇಳಿದರು ಎಂದೂ ತಿಳಿಯಬೇಡಿ. ಕ್ರಿಸ್ತಪೂರ್ವ 400ರ ಸುಮಾರಿಗೆ ಗ್ರೀಸಿನಲ್ಲಿ ಮೂರ್ಛೆ ರೋಗಕ್ಕೆ ‘ಪವಿತ್ರ ರೋಗ’ ಎನ್ನುತ್ತಿದ್ದರು. ಹಿಪ್ಪಾಕ್ರಟಿಸ್ ಎಂಬ ವೈದ್ಯನ ಹೆಸರಿನಲ್ಲಿ ಉಳಿದಿರುವ ಒಂದು ಬರಹ ಇದನ್ನು ನೇರವಾಗಿ ಅಲ್ಲಗಳೆಯುತ್ತದೆ: ಇದು ಉಳಿದ ಕಾಯಿಲೆಗಳಿಗಿಂತ ಹೆಚ್ಚು ಪವಿತ್ರವೇನಲ್ಲ, ಮೂಲ ಮಿದುಳಿನಲ್ಲಿದೆ, ಏನು ಮಾಡಲೂ ತೋಚದವರು ದೇವರ ಹೆಸರಿನ ಹಿಂದೆ ಅಡಗಿದ್ದಾರೆ ಎಂದು.

ನಮ್ಮ ಚರಕ ಸಂಹಿತೆ ಇನ್ನೂ ಸ್ವಾರಸ್ಯಕರ. ಆಯುರ್ವೇದದ ಎಂಟು ಅಂಗಗಳಲ್ಲಿ ಭೂತವಿದ್ಯೆಯೂ ಒಂದು. ಚರಕ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸುತ್ತಾನೆ: ವಾತ, ಪಿತ್ತ, ಕಫ, ಮೂರೂ ಸೇರಿದ್ದು, ಐದನೆಯದು ಆಗಂತು, ಅಂದರೆ ಹೊರಗಿನಿಂದ ಬಂದದ್ದು. ಐದನೆಯದಕ್ಕೆ ಬಲಿ, ಹೋಮ, ಮಂತ್ರ ಉಂಟು. ಆದರೆ ರೋಗದ ಕಾರಣಗಳನ್ನು ಹೇಳುವ ನಿದಾನಸ್ಥಾನ ಎಂಬ ಭಾಗದಲ್ಲಿ ಅವನೇ ಒಂದು ಮಾತು ಹೇಳಿಬಿಡುತ್ತಾನೆ. ತಾನಾಗಿ ಕೆಡದ ಮನುಷ್ಯನನ್ನು ದೇವತೆಗಳಾಗಲಿ, ಗಂಧರ್ವರಾಗಲಿ, ಪಿಶಾಚಿಗಳಾಗಲಿ, ರಾಕ್ಷಸರಾಗಲಿ ಕೆಡಿಸುವುದಿಲ್ಲ. ತನ್ನ ಪ್ರಜ್ಞಾಪರಾಧದಿಂದ, ಅಂದರೆ ಬುದ್ಧಿಗೆಟ್ಟು ಮಾಡಿದ ತಪ್ಪಿನಿಂದ, ಬಂದ ರೋಗಕ್ಕೆ ದೇವತೆಗಳನ್ನೋ ಪಿತೃಗಳನ್ನೋ ದೂರಬಾರದು. ಮಗಳಿಗೆ ಇದನ್ನು ತೋರಿಸಿದರೆ ‘ನೋಡಿ ಅಜ್ಜೀ’ ಎಂದು ಕುಣಿಯುತ್ತಾಳೆ. ಕುಣಿಯುವ ಮೊದಲು ಯೋಚಿಸಲಿ: ಪಿಶಾಚಿಯ ತಲೆಯಿಂದ ಇಳಿಸಿದ ತಪ್ಪು ಹೋಗಿ ಕೂತದ್ದು ರೋಗಿಯ ತಲೆಯ ಮೇಲೆ.

ನನ್ನ ಮಟ್ಟಿಗೆ ಈ ಇಡೀ ಇತಿಹಾಸದ ಗಂಟು ಇಲ್ಲಿದೆ. ಒಂದು ವಿವರಣೆ ನಿಜವೋ ಸುಳ್ಳೋ ಎಂಬುದರ ಜೊತೆಗೆ ಅದು ತಪ್ಪನ್ನು ಯಾರ ಕೊರಳಿಗೆ ಕಟ್ಟುತ್ತದೆ, ಯಾರ ಕೈಗೆ ಕೋಲು ಕೊಡುತ್ತದೆ ಎಂದು ನೋಡಬೇಕು. ಯುರೋಪಿನಲ್ಲಿ ಹದಿನೈದನೇ ಶತಮಾನದ ಕೊನೆಯಿಂದ ಮಾಟಗಾತಿಯರ ಬೇಟೆ ಬಿರುಸಾದಾಗ ತಪ್ಪು ನೆರೆಮನೆಯ ಹೆಂಗಸಿನ ಕೊರಳಿಗೆ ಬಿತ್ತು, ಸಾವಿರಾರು ಜನ ಸತ್ತರು. ಯೋಹಾನ್ ವೈಯರ್ ಎಂಬ ವೈದ್ಯ 1563ರಲ್ಲಿ, ಅಂದರೆ ನಮ್ಮ ತಾಳಿಕೋಟೆ ಯುದ್ಧಕ್ಕೆ ಎರಡು ವರ್ಷ ಮುಂಚೆ, ಇವರಲ್ಲಿ ಅನೇಕರು ಮನಸ್ಸು ಕೆಟ್ಟ ಬಡ ಮುದುಕಿಯರು, ಶಿಕ್ಷೆಯಲ್ಲ, ಔಷಧ ಬೇಕು ಎಂದು ಬರೆದ. ಸೈತಾನ ಇದ್ದಾನೆಂದು ವೈಯರ್ ಕೂಡ ನಂಬಿದ್ದ. ನಂಬಿಕೆಯನ್ನು ಇಟ್ಟುಕೊಂಡೇ ಕೋಲನ್ನು ಕೆಳಗಿಡಿಸಲು ಹೊರಟವನು ಅವನು. ನಿಮ್ಮ ಮನೆಯ ಜಗಳಕ್ಕೆ ಬೇಕಾದ ಮನುಷ್ಯ.

ಹಾಗಾದರೆ ವಿಜ್ಞಾನ ಬಂದಾಗ ಕೋಲು ತಾನಾಗಿ ಕೆಳಗಿಳಿಯಿತೇ ಎಂದರೆ, ಅದೂ ಇಲ್ಲ. ಇಲ್ಲಿ ಟಿಪ್ಪು ಆಳುತ್ತಿದ್ದಾಗ, 1788ರಲ್ಲಿ, ಇಂಗ್ಲೆಂಡಿನ ರಾಜ ಮೂರನೇ ಜಾರ್ಜನಿಗೆ ಬುದ್ಧಿ ಕದಡಿತು. ದೆವ್ವದ ಮಾತೆತ್ತದ ವೈದ್ಯರು ಅವನನ್ನು ಕಟ್ಟಿಹಾಕಿ, ಮೈಮೇಲೆ ಬೊಬ್ಬೆ ಬರುವ ಲೇಪ ಹಚ್ಚಿದರು. ಚರಕನೂ ಉನ್ಮಾದ ಚಿಕಿತ್ಸೆಯಲ್ಲಿ ಹಲ್ಲು ಕಿತ್ತ ಹಾವು, ಪಳಗಿಸಿದ ಸಿಂಹ, ಆನೆಗಳಿಂದ ರೋಗಿಯನ್ನು ಹೆದರಿಸಲು ಹೇಳುತ್ತಾನೆ. ನಮ್ಮ ವೃತ್ತಿಯ ಒಂದು ಪಾಪವನ್ನು ನಿಮಗೆ ವಿಶೇಷವಾಗಿ ಹೇಳಬೇಕು. 1948ರಲ್ಲಿ ಫ್ರೀಡಾ ಫ್ರಾಮ್-ರೈಖ್ಮನ್ ಎಂಬ ಮನೋವೈದ್ಯೆ ಸ್ಕಿಜೋಫ್ರೀನಿಯಾಕ್ಕೆ ತಾಯಿಯ ನಡತೆಯೇ ಕಾರಣವಾಗಬಲ್ಲದೆಂಬ ಮಾತನ್ನು ಚಾಲ್ತಿಗೆ ತಂದರು. ಎರಡು ಮೂರು ದಶಕಗಳ ಕಾಲ ಆಸ್ಪತ್ರೆಗೆ ಮಗನನ್ನು ಕರೆತಂದ ತಾಯಂದಿರನ್ನು ವೈದ್ಯರು ಅಪರಾಧಿಗಳಂತೆ ನೋಡಿದರು. ಆ ಸಿದ್ಧಾಂತ ಈಗ ಬಿದ್ದುಹೋಗಿದೆ. ಅದಕ್ಕೆ ಹೋಲಿಸಿದರೆ ಹರಕೆ ತಪ್ಪಿತೆಂಬ ನಿಮ್ಮ ಅತ್ತೆಯವರ ವಿವರಣೆ ಎಷ್ಟೋ ಮೃದು. ಅವರು ನಿಮ್ಮನ್ನೂ ದೂರುತ್ತಿಲ್ಲ, ಹುಡುಗನನ್ನೂ ದೂರುತ್ತಿಲ್ಲ. ನನಗೆ ಹೆದರಿಕೆಯಾಗುವುದು ಮುಂದೆ ಯಾರಾದರೂ ‘ಹರಕೆಯಲ್ಲ, ದಾಯಾದಿಗಳು ಮಾಡಿಸಿದ್ದು’ ಎಂದು ಹೇಳಿಬಿಟ್ಟರೆ. ತೋಟದ ಗಡಿ ತಕರಾರಿರುವ ಊರಿನಲ್ಲಿ ಆ ಒಂದು ಮಾತು ಎರಡು ಮನೆ ಹಾಳುಮಾಡುತ್ತದೆ.

ಅತ್ತೆಯವರ ತಂಗಿಯ ವಿಷಯಕ್ಕೆ ಬರುತ್ತೇನೆ. ಕೇಳಿದಷ್ಟರಲ್ಲಿ ಅದು ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆಸರಿಟ್ಟಿದ್ದ ಕಾಯಿಲೆಯಂತಿದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಏಕಾಏಕಿ ಶುರುವಾಗುತ್ತದೆ. ನಿದ್ದೆ ಹೋಗುತ್ತದೆ, ಮಾತು ಎತ್ತಲೋ ಹರಿಯುತ್ತದೆ, ಮಗುವನ್ನು ನೋಡಿ ‘ಇದು ನನ್ನದಲ್ಲ’ ಎನ್ನುವವರೂ ಇದ್ದಾರೆ. ನಿನ್ನೆಯವರೆಗೆ ಸರಿಯಿದ್ದ ಸೊಸೆ ಇಂದು ಬೇರೆಯೇ ಹೆಂಗಸಾದರೆ ‘ಯಾರೋ ಹೊಕ್ಕಿದ್ದಾರೆ’ ಎನಿಸದೆ ಇನ್ನೇನು ಅನಿಸಬೇಕು? ಇದಕ್ಕೆ ಇನ್ನೊಂದು ಗುಣವಿದೆ: ಬಹಳ ಮಂದಿಯಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಪಕ್ಕದಲ್ಲಿದ್ದರೋ ಅವರಿಗೆ ಕೀರ್ತಿ. ಆ ಸಲ ಮಂತ್ರವಾದಿಗೆ ಬಂತು. ಇಳಿಯುವ ಮೊದಲೇ ಬಾವಿಗೆ ಬಿದ್ದವರ ಲೆಕ್ಕವನ್ನು ಯಾರೂ ಯಾರ ಹೆಸರಿಗೂ ಬರೆಯುವುದಿಲ್ಲ. ಇವತ್ತು ಇದು ಅಂದೇ ಆಸ್ಪತ್ರೆಗೆ ಸೇರಿಸಬೇಕಾದ ತುರ್ತು ಕಾಯಿಲೆ, ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

1968ರ ಮಳೆಗಾಲದಲ್ಲಿ ಆ ಮನೆಯವರಿಗೆ ಬೇರೆ ದಾರಿ ಏನಿತ್ತು ಎಂದೂ ಕೇಳಿಕೊಳ್ಳಿ. ಭ್ರಮೆಗಳನ್ನು ತಗ್ಗಿಸುವ ಮೊದಲ ಔಷಧ ಕ್ಲೋರ್‌ಪ್ರೊಮಝೈನ್ ಬಳಕೆಗೆ ಬಂದದ್ದೇ 1952ರಲ್ಲಿ. ಹುಚ್ಚಾಸ್ಪತ್ರೆ ಎಂದರೆ ಬೆಂಗಳೂರು ಇಲ್ಲವೇ ಧಾರವಾಡ. ಹೊಳೆ ತುಂಬಿ ಸಂಕ ಮುಳುಗಿದ ಆಷಾಢದಲ್ಲಿ ಬಾಣಂತಿಯನ್ನು ಹೊತ್ತು ಎಲ್ಲಿಗೆ ಹೋಗುವುದು? ಮಂತ್ರವಾದಿ ನಡೆದುಕೊಂಡು ಬಂದ. ನಂಬಿಕೆಯನ್ನು ಉಳಿಸಿದ್ದರಲ್ಲಿ ಶಾಸ್ತ್ರಕ್ಕಿಂತ ರಸ್ತೆಯ ಪಾಲು ದೊಡ್ಡದು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಈ ಕಾಯಿಲೆಗಳಿಗೆ ಔಷಧ ಕೊಡಬಹುದೆಂದು ನಿಮ್ಹಾನ್ಸ್ ತಂಡ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿಕೊಟ್ಟದ್ದು ಎಂಬತ್ತರ ದಶಕದಲ್ಲಿ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಮಂತ್ರವಾದಿಯ ಚೀಲದಲ್ಲಿ ಏನೂ ಇರಲಿಲ್ಲ ಎಂದೂ ಅಲ್ಲ. ಪಶ್ಚಿಮಘಟ್ಟದ ಕಾಡಿನಲ್ಲೂ ಬೆಳೆಯುವ ಸರ್ಪಗಂಧದ ಬೇರನ್ನು ನಾಟಿ ವೈದ್ಯರು ಹುಚ್ಚಿಗೆ ಕೊಡುತ್ತಿದ್ದರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದರ ಬಗ್ಗೆ ವೈದ್ಯಕೀಯ ಲೇಖನ ಬರೆದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಅಂಶ ಬೇರ್ಪಟ್ಟಿತು, ಕೆಲವು ವರ್ಷ ಜಗತ್ತಿನ ಹುಚ್ಚಾಸ್ಪತ್ರೆಗಳಲ್ಲಿ ಅದು ಮುಖ್ಯ ಮಾತ್ರೆಗಳಲ್ಲಿ ಒಂದಾಗಿತ್ತು. ಮನೆಯಲ್ಲಿ ಬೇರು ಅರೆಯಲು ಹೋಗಬೇಡಿ. ರಕ್ತದೊತ್ತಡವನ್ನು ಪಾತಾಳಕ್ಕೆ ಇಳಿಸುತ್ತದೆ, ಮನಸ್ಸನ್ನು ಕುಗ್ಗಿಸುತ್ತದೆ, ಅದಕ್ಕಿಂತ ಒಳ್ಳೆಯ ಔಷಧಗಳು ಬಂದು ಕಾಲವಾಯಿತು.

ಮಲೆನಾಡಿನಲ್ಲಿ ಕೂತು ಬರೆಯುವವನು ಮಂಗನ ಕಾಯಿಲೆಯನ್ನು ಬಿಡುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ವೈರಸ್ ಅದು, ಉಣುಗು ಕಚ್ಚಿ ಬರುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ತೀವ್ರ ತಲೆನೋವು, ನಡುಕ, ಬುದ್ಧಿಭ್ರಮೆ ಕಾಣಿಸಿಕೊಳ್ಳುತ್ತದೆ. ಕಾಡಿಗೆ ಸೊಪ್ಪಿಗೆ ಹೋಗಿ ಬಂದವನು ಏನೇನೋ ಬಡಬಡಿಸಿದರೆ ‘ಕಾಡಿನಲ್ಲಿ ಏನೋ ಹಿಡಿಯಿತು’ ಎನ್ನುವ ಮಾತು ಅಕ್ಷರಶಃ ಸುಳ್ಳಲ್ಲ ನೋಡಿ. ಹಿಡಿದದ್ದು ಉಣುಗು. ಜ್ವರದ ಜೊತೆಗೆ ಬುದ್ಧಿ ಕದಡಿದರೆ ಮನೋವೈದ್ಯರಿಗೂ ಮೊದಲು ಜ್ವರ ನೋಡುವ ವೈದ್ಯರಲ್ಲಿಗೆ ಓಡಬೇಕು.

ಮೈಮೇಲೆ ಬರುವುದು ಬೇರೆಯೇ ಸಂಗತಿ. ದೀಪಾವಳಿಗೋ ಜಾತ್ರೆಗೋ ಪಾತ್ರಿಯ ಮೈಮೇಲೆ ದೇವರು ಬಂದು, ಹೇಳಬೇಕಾದ್ದು ಹೇಳಿ, ಇಳಿದು, ಮಾರನೆಯ ದಿನ ಅವನು ಗದ್ದೆ ಕೆಲಸಕ್ಕೆ ಹೋದರೆ ಅದು ಕಾಯಿಲೆಯಲ್ಲ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯೂ ಹಾಗೆಯೇ ಹೇಳುತ್ತದೆ. ಬೇಡವೆಂದರೂ ಬಂದು, ಬದುಕನ್ನು ಕೆಡಿಸಿದರೆ ಮಾತ್ರ ಅದು ಚಿಕಿತ್ಸೆಯ ವಿಷಯ. ನಾನು ನೋಡಿದ ಅಂಥ ಹೆಣ್ಣುಮಕ್ಕಳಲ್ಲಿ ಹಲವರು ಮನೆಯಲ್ಲಿ ಬಾಯಿ ತೆರೆಯುವಂತಿರಲಿಲ್ಲ. ದೇವರು ಬಂದಾಗ ಮಾತ್ರ ಮಾವ ಎದ್ದು ನಿಂತು ಕೈಮುಗಿದು ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ಮಾತ್ರೆಗಿಂತ ಮಾವನ ಕಿವಿ ಬೇಕಿತ್ತು. ನಿಮ್ಮ ಮಗನದು ಈ ಬಗೆಯದಲ್ಲ.

ದೇವಸ್ಥಾನದಿಂದ ಉಪಯೋಗವೇ ಇಲ್ಲವೇ? 2002ರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಸಣ್ಣ ಗುಡಿಯಲ್ಲಿ ಉಳಿದುಕೊಂಡಿದ್ದ 31 ಜನ ಮಾನಸಿಕ ರೋಗಿಗಳನ್ನು ಅಧ್ಯಯನ ಮಾಡಿ ಪ್ರಕಟಿಸಿದರು. ಅಲ್ಲಿ ಹೊಡೆತ ಬಡಿತ ಇರಲಿಲ್ಲ. ಮನೆಯವರ ಜೊತೆ ಇದ್ದು, ಗುಡಿಯ ಕೆಲಸ ಮಾಡಿಕೊಂಡಿದ್ದರು. ಸರಾಸರಿ ಆರು ವಾರದಲ್ಲಿ ಲಕ್ಷಣಗಳ ಅಳತೆ ಸುಮಾರು ಶೇಕಡ 20ರಷ್ಟು ಇಳಿದಿತ್ತು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ಅದಕ್ಕೆ ಒಂದೇ ವರ್ಷ ಮುಂಚೆ, 2001ರ ಆಗಸ್ಟ್ 6ರಂದು, ದರ್ಗಾದ ಊರಿನ ಖಾಸಗಿ ವಸತಿಯೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳು ಓಡಲಾಗಲಿಲ್ಲ. 28 ಜನ ಸತ್ತರು. ಇಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದು ಕರ್ನಾಟಕದ ಪ್ರತ್ಯೇಕ ಕಾಯ್ದೆಯಡಿ ಅಪರಾಧ.

ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ವೃತ್ತಿಯ ಮೊದಲ ವರ್ಷಗಳಲ್ಲಿ ಹೊಸನಗರದ ಕಡೆಯ ಹಿರಿಯರೊಬ್ಬರು ಸೊಸೆಯನ್ನು ಕರೆತಂದಿದ್ದರು. ಅವಳ ತೋಳಿನ ತಾಯತ ನೋಡಿ ನಾನು ನಕ್ಕು, ‘ಮೊದಲು ಇದನ್ನು ಬಿಚ್ಚಿ, ಆಮೇಲೆ ಬನ್ನಿ’ ಎಂದೆ. ಅವರು ಬಿಚ್ಚಲೂ ಇಲ್ಲ, ಬರಲೂ ಇಲ್ಲ. ಎರಡು ವರ್ಷದ ಮೇಲೆ ಬಂದಾಗ ಆಕೆಯ ಮಣಿಕಟ್ಟಿನಲ್ಲಿ ಹಗ್ಗದ ಕಲೆ ಇತ್ತು. ಆಮೇಲೆ ನಾನು ಯಾರ ತಾಯತದ ತಂಟೆಗೂ ಹೋಗಿಲ್ಲ. ಮಗಳಿಗೆ ಈ ಕತೆ ಹೇಳಿ. ಅವಳ ಮಾತು ಸರಿ, ಆದರೆ ಮೂಢನಂಬಿಕೆ ಎಂಬ ಪದ ಬಿದ್ದ ಕೂಡಲೇ ಅಜ್ಜಿ ಬಾಗಿಲು ಹಾಕಿಕೊಳ್ಳುತ್ತಾರೆ, ಹುಡುಗ ಬಾಗಿಲ ಆಚೆಗೇ ಉಳಿಯುತ್ತಾನೆ.

ಚೌಡಿಗೆ ಹಣ್ಣುಕಾಯಿ ಮಾಡಿಸಬೇಕೆಂದಿದ್ದರೆ ಮಾಡಿಸಿ, ಆಸ್ಪತ್ರೆಗೆ ಹೋಗುವುದು ಅದಕ್ಕಾಗಿ ಒಂದು ದಿನವೂ ಮುಂದಕ್ಕೆ ಹೋಗಬಾರದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಕ್ಲಿನಿಕ್ ಇರುವುದು ಮಂಗಳವಾರ, ದೇವಿಯ ವಾರವೇ. ಬೆಳಗ್ಗೆ ಬನ, ಆಮೇಲೆ ಸಾಗರದ ಬಸ್. ಮೊದಲೇ ವಿಚಾರಿಸಿಕೊಂಡು ಹೋಗಿ. ಇಲ್ಲವಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಏನೂ ತೋಚದ ರಾತ್ರಿ 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲಿ ಮಾತಾಡುತ್ತಾರೆ. ಬೇವಿನ ಸೊಪ್ಪಿನಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ, ಉಪವಾಸ, ಕಟ್ಟಿಹಾಕುವುದು, ಮಾತ್ರೆ ನಿಲ್ಲಿಸಿ ಎನ್ನುವ ಸಲಹೆ, ಇವು ಯಾರ ಬಾಯಿಂದ ಬಂದರೂ ಅಲ್ಲಿಂದ ಎದ್ದು ಬನ್ನಿ. ಮಗ ‘ಮದ್ದು ಹಾಕಿದ್ದೀರಿ’ ಎಂದಾಗ ವಾದಿಸಬೇಡಿ. ಅವನ ಎದುರೇ ಅದೇ ಪಾತ್ರೆಯಿಂದ ಬಡಿಸಿಕೊಂಡು ನೀವೂ ಉಣ್ಣಿ, ಬಾಳೆಹಣ್ಣು, ಎಳನೀರಿನಂಥ ಮುಚ್ಚಿದ ಪದಾರ್ಥ ಅವನ ಕೈಗೇ ಕೊಡಿ. ಮಾತ್ರೆಯನ್ನು ಸಾರಿನಲ್ಲಿ ಕದ್ದು ಹಾಕುವ ಯೋಚನೆ ಮಾತ್ರ ಬೇಡ. ಒಂದು ಸಲ ಗೊತ್ತಾದರೆ ಅವನ ಅನುಮಾನ ನಿಜವಾಗಿಬಿಡುತ್ತದೆ.

ಆಸ್ಪತ್ರೆಗೆ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ನೀವು ತೋಟ, ಕೊಟ್ಟಿಗೆ ಎಂದು ಓಡಾಡುವಾಗ ಜಗುಲಿಯಲ್ಲಿ ಕೂತು ಅವನನ್ನು ದಿನವಿಡೀ ನೋಡಿದವರು ಅವರು. ಯಾವ ದಿನ ನಿದ್ದೆ ಬಿಟ್ಟ, ಯಾವಾಗಿನಿಂದ ಒಬ್ಬನೇ ನಗತೊಡಗಿದ, ಬೆಂಗಳೂರಿನಿಂದ ಬಂದ ದಿನ ಹೇಗಿದ್ದ ಎಂಬುದನ್ನು ವೈದ್ಯರಿಗೆ ಅವರಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು.